ಬ್ಯಾಟರಿಗೆ ಹೊಸ ಎಲ್‌ಇಡಿ: ತೋಟಕ್ಕೆ ಯಾವುದು, ಹೊಳೆಗೆ ಯಾವುದು

ನಮ್ಮ ಶಿರಸಿ ಕಡೆ ಟಾರ್ಚಿಗೆ ಬ್ಯಾಟರಿ ಅಂತಲೇ ಹೇಳುವುದು. ಒಳಗೆ ಹಾಕುವುದು ಸೆಲ್ಲು. ಇಲ್ಲಿ ನಾನೂ ಹಾಗೇ ಬರೆಯುತ್ತೇನೆ.

ಮಳೆಗಾಲ ಹತ್ತಿರ ಬಂತು ಅಂದರೆ ಕಂಬಳಿ, ಕೊಡೆ ಜೊತೆಗೆ ಬ್ಯಾಟರಿಯೂ ಹೊರಗೆ ಬರುತ್ತದೆ. ಗುಂಡಿ ಒತ್ತಿದರೆ ಹತ್ತುವುದಿಲ್ಲ, ಇಲ್ಲವೇ ಮಿಣಮಿಣ ಅನ್ನುತ್ತದೆ. ಹೊಸ ಸೆಲ್ಲು ಹಾಕಿದರೂ ಅಷ್ಟೇ. ಗಾಜು ಬಿಚ್ಚಿ ಒಳಗೆ ನೋಡಿದರೆ ಎಲ್‌ಇಡಿಯ ಹಳದಿ ಮುಖದ ನಡುವೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಇರುತ್ತದೆ. ಸುಟ್ಟಿದೆ ಅಂತ ಅರ್ಥ. ಅಷ್ಟಕ್ಕೇ ಇಡೀ ಬ್ಯಾಟರಿ ಎಸೆಯಬೇಡಿ. ಮೈ ಗಟ್ಟಿ ಇದ್ದರೆ, ಸ್ವಿಚ್ ಸರಿ ಇದ್ದರೆ, ಒಳಗಿನ ಮಾಡ್ಯೂಲ್, ಅಂದರೆ ಎಲ್‌ಇಡಿ ಕೂತಿರುವ ಭಾಗ, ಮಾತ್ರ ಬದಲಿಸಿದರೆ ಸಾಕು.

ಯಾವ ಮಾಡ್ಯೂಲ್ ಅನ್ನುವುದೇ ಪ್ರಶ್ನೆ. ಆನ್‌ಲೈನಲ್ಲಿ ಹುಡುಕಿದರೆ ನೂರಾರು ಸಿಗುತ್ತವೆ, ಎಲ್ಲದರ ಮೇಲೂ ದೊಡ್ಡದಾಗಿ ಲುಮೆನ್, ಅಂದರೆ ಬೆಳಕಿನ ಪ್ರಮಾಣ, ಬರೆದಿರುತ್ತಾರೆ. ನಾನು ಹೇಳುವುದು ಒಂದೇ: ಲುಮೆನ್ ಕೊನೆಗೆ ನೋಡಿ. ಮೊದಲು ನಿಮ್ಮ ಸೆಲ್ಲು ಎಷ್ಟು ವೋಲ್ಟಿನದು ನೋಡಿ, ಆಮೇಲೆ ಅಳತೆ, ಆಮೇಲೆ ರಾತ್ರಿ ನೀವು ಎಲ್ಲಿ ಓಡಾಡುತ್ತೀರಿ ಅನ್ನುವುದು, ಆಮೇಲೆ ಬೆಳಕಿನ ಬಣ್ಣ.

ಸೆಲ್ಲಿನಿಂದಲೇ ಶುರು ಮಾಡೋಣ. ಬಿಳಿ ಎಲ್‌ಇಡಿ ಹತ್ತಬೇಕಾದರೆ ಸುಮಾರು 3 ವೋಲ್ಟ್ ಬೇಕು. ಹಳೇ ಎರಡು ಸೆಲ್ಲಿನ ಬ್ಯಾಟರಿಯಲ್ಲಿ ಹೊಸ ಸೆಲ್ಲು ಹಾಕಿದ ದಿನ ಸರಿಯಾಗಿ 3 ವೋಲ್ಟ್ ಇರುತ್ತದೆ, ವಾರ ಕಳೆದರೆ ಇಳಿದಿರುತ್ತದೆ. ರೀಚಾರ್ಜ್ ಆಗುವ ನಿಕ್ಕಲ್ ಸೆಲ್ಲಾದರೆ ಒಂದಕ್ಕೆ 1.2 ವೋಲ್ಟ್, ಎರಡು ಸೇರಿ 2.4 ಅಷ್ಟೇ. ಹಾಗಾಗಿ ಇಂಥ ಬ್ಯಾಟರಿಗೆ ವೋಲ್ಟೇಜನ್ನು ಮೇಲೆತ್ತಿ ಕೊಡುವ ಡ್ರೈವರ್ (ಎಲ್‌ಇಡಿಗೆ ಕರೆಂಟು ಹದ ಮಾಡಿ ಕೊಡುವ ಸಣ್ಣ ಸರ್ಕ್ಯೂಟ್) ಇರಬೇಕು. ಅದಕ್ಕೆ ಬೂಸ್ಟ್ ಅನ್ನುತ್ತಾರೆ. ಅದಿಲ್ಲದ ಅಗ್ಗದ ಬಲ್ಬು ಮೊದಲ ಎರಡು ದಿನ ಚೆನ್ನಾಗಿ ಉರಿದು, ಆಮೇಲೆ ಸೆಲ್ಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜೀವ ಇರುವಾಗಲೇ ಮಂಕಾಗುತ್ತದೆ. ಸೆಲ್ಲು ಖಾಲಿಯಾಯಿತು ಅಂದುಕೊಂಡು ನಾವು ಅದನ್ನು ಎಸೆಯುತ್ತೇವೆ. ಅದೇ ಸೆಲ್ಲನ್ನು ಗೋಡೆ ಗಡಿಯಾರಕ್ಕೋ ರೇಡಿಯೋಗೋ ಹಾಕಿದರೆ ಇನ್ನೂ ತಿಂಗಳುಗಟ್ಟಲೆ ನಡೆಯುತ್ತದೆ.

ಈಗ ಜಾಸ್ತಿ ಬಳಕೆಯಲ್ಲಿರುವುದು 18650 ಲಿಥಿಯಂ ಸೆಲ್ಲು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೆಸರಿನಲ್ಲೇ ಅಳತೆ ಇದೆ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್, ಇಳಿಯುತ್ತಾ 3ರ ಹತ್ತಿರ ಬಂದರೆ ಖಾಲಿ. ಎಲ್‌ಇಡಿಗೆ ಬೇಕಾದದ್ದೂ 3ರ ಆಸುಪಾಸು, ಹಾಗಾಗಿ ಈ ಜೋಡಿ ಚೆನ್ನಾಗಿ ಹೊಂದುತ್ತದೆ, ಡ್ರೈವರ್ ಸರಳವಾಗಿದ್ದರೂ ನಡೆಯುತ್ತದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಗಾತ್ರದ ಅಸಲಿ ಸೆಲ್ಲಿನಲ್ಲಿ ಹೆಚ್ಚೆಂದರೆ 3500ರಿಂದ 4000 ಎಂಎಎಚ್ (ಸೆಲ್ಲು ಹಿಡಿಯುವ ಚಾರ್ಜಿನ ಅಳತೆ) ಇರುತ್ತದೆ. 9800 ಅಂತ ಬರೆದದ್ದು ಕಂಡರೆ ಅದು ಸುಳ್ಳು, ಮುಟ್ಟಲೇಬೇಡಿ. ತೂಗಿ ನೋಡಿದರೂ ಗೊತ್ತಾಗುತ್ತದೆ: ಒಳ್ಳೆ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ, ನಕಲಿಯದು ಕೈಗೆ ಹಗುರ ಅನಿಸುತ್ತದೆ.

ಮಾಡ್ಯೂಲಿನ ಮೇಲೆ ಬರೆದ ವೋಲ್ಟೇಜನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನನ್ನದೊಂದು ಹೋಗಿದೆ. ಒಂದು ಉದ್ದ ಸೆಲ್ಲಿನ ಜಾಗದಲ್ಲಿ ಎರಡು ಗಿಡ್ಡ ಲಿಥಿಯಂ ಸೆಲ್ಲು ಹಿಡಿಯುತ್ತದೆ, 16340 ಅಂತ ಅದರ ಹೆಸರು. ಹಿಡಿಯುತ್ತದಲ್ಲ ಅಂತ ಹಾಕಿದೆ. ಎರಡು ಸೇರಿದರೆ 8.4 ವೋಲ್ಟ್. ನನ್ನ ಮಾಡ್ಯೂಲ್ 4.2ರ ಒಳಗಿನದು, ಆದರೆ ಮಾರಿದವರು ಪೊಟ್ಟಣದ ಮೇಲೆ ಏನೂ ಬರೆದಿರಲಿಲ್ಲ, ಕೇಳಿದರೆ ಎಲ್ಲಕ್ಕೂ ಆಗುತ್ತದೆ ಅಂದಿದ್ದರು. ಒತ್ತಿದ ಕೂಡಲೇ ಅಂಗಳವೆಲ್ಲ ಬೆಳ್ಳಗಾಯಿತು. ಮರುಕ್ಷಣ ಕತ್ತಲೆ, ಸುಟ್ಟ ವಾಸನೆ. ಹಾಗಾಗಿ ವೋಲ್ಟೇಜ್ ಬರೆಯದ ಮಾಡ್ಯೂಲ್ ಬೇಡವೇ ಬೇಡ. 2.7ರಿಂದ 4.2 ಅಂತಿದ್ದರೆ ಅದು ಒಂದೇ ಲಿಥಿಯಂ ಸೆಲ್ಲಿನದು. 0.8ರಿಂದ 4.2 ಅಂತಿದ್ದರೆ ಬೂಸ್ಟ್ ಇರುವಂಥದ್ದು, ಸಾಮಾನ್ಯ ಸೆಲ್ಲಿಗೂ ಆಗುತ್ತದೆ. 3ರಿಂದ 18 ಅಂತಿರುವುದು ಒಂದು ಸೆಲ್ಲಿಗೂ ಎರಡಕ್ಕೂ ನಡೆಯುತ್ತದೆ, ಆದರೆ ಒಂದೇ ಸೆಲ್ಲು ಹಾಕಿದಾಗ ಸೆಲ್ಲು ಇಳಿದ ಹಾಗೆ ಬೆಳಕೂ ಇಳಿಯುತ್ತಾ ಹೋಗುತ್ತದೆ. ನಿಮ್ಮದು ಒಂದೇ ಸೆಲ್ಲಾದರೆ ಮೊದಲನೆಯದೇ ಒಳ್ಳೆಯದು.

ಇನ್ನು ಯಾವ ಬ್ಯಾಟರಿಗೆ ಯಾವುದು ಅಂತ ನೋಡೋಣ.

ಮನೆಯಲ್ಲಿ ಅಜ್ಜನ ಕಾಲದ ಹಿತ್ತಾಳೆ ಬ್ಯಾಟರಿ ಇದ್ದರೆ, ಎರಡು ಇಲ್ಲವೇ ಮೂರು ದೊಡ್ಡ ಸೆಲ್ಲಿನದು, ಅದಕ್ಕೆ ಬೇಕಾದದ್ದು ಎಲ್‌ಇಡಿ ಬಲ್ಬು. ಹಳೇ ಬಲ್ಬು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ. ಕೆಳಗೆ ಸುತ್ತು ಸುತ್ತಿನ ಮರೆ ಇದ್ದರೆ ಅದು 10 ಮಿಲಿಮೀಟರಿನ ತಿರುಪಿನ ಬಲ್ಬು. ಮರೆ ಇಲ್ಲದೆ ನುಣ್ಣಗಿದ್ದು, ನಡುವಿಗೆ ಟೋಪಿಯ ಅಂಚಿನ ಹಾಗೆ ಪಟ್ಟಿ ಇದ್ದರೆ ಅದು ಕಾಲರಿನ ಬಲ್ಬು, ಅಂಗಡಿಯಲ್ಲಿ ಪಿ13.5ಎಸ್ ಅಂತ ಕೇಳಬೇಕು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹಳೇ ಬಲ್ಬನ್ನೇ ಕಿಸೆಯಲ್ಲಿ ಹಾಕಿಕೊಂಡು ಪೇಟೆಗೆ ಹೋದರೆ ಸುಲಭ.

ಇಲ್ಲಿ ಜಾಸ್ತಿ ಜನ ಗಮನಿಸದ ವಿಷಯ ಒಂದಿದೆ. ಹಳೇ ಬಲ್ಬಿನ ತಂತಿ ಸುತ್ತಲೂ ಬೆಳಕು ಚೆಲ್ಲುತ್ತಿತ್ತು, ಹಿಂದಿನ ಹೊಳೆಯುವ ಬಟ್ಟಲು ಅದನ್ನು ಒಟ್ಟು ಮಾಡಿ ಮುಂದಕ್ಕೆ ಕಳಿಸುತ್ತಿತ್ತು. ಎಲ್‌ಇಡಿ ಹಾಗಲ್ಲ, ಅದು ಮುಖ ಮಾಡಿದ ಕಡೆಗೆ ಮಾತ್ರ ಬೆಳಕು ಬಿಡುತ್ತದೆ. ಬಲ್ಬಿನ ತುದಿಯಲ್ಲಿ ಒಂದೇ ಎಲ್‌ಇಡಿ ಮುಂದಕ್ಕೆ ನೋಡುತ್ತಾ ಕೂತಿದ್ದರೆ ಬಟ್ಟಲಿಗೆ ಬೆಳಕು ಬೀಳುವುದೇ ಇಲ್ಲ. ಎದುರಿಗೆ ಅಗಲಕ್ಕೆ ಹರಡುತ್ತದೆ, ದೂರ ಹೋಗುವುದಿಲ್ಲ. ಅದೇ ಬಲ್ಬಿನ ಪಕ್ಕಗಳಲ್ಲಿ, ತಂತಿ ಇದ್ದ ಎತ್ತರಕ್ಕೇ, ಪುಟ್ಟ ಎಲ್‌ಇಡಿಗಳನ್ನು ಕೂರಿಸಿದ್ದರೆ ಬಟ್ಟಲು ಮತ್ತೆ ಕೆಲಸ ಮಾಡುತ್ತದೆ, ಬೆಳಕು ಮೊದಲಿನ ಹಾಗೆ ದೂರ ಹೋಗುತ್ತದೆ. ಮನೆಯೊಳಗೆ, ಕೊಟ್ಟಿಗೆಗೆ, ಬಚ್ಚಲಿಗೆ ಮೊದಲನೆಯದು ಸಾಕು. ಗದ್ದೆಯ ಆ ತುದಿಗೆ ಹಂದಿ ಬಂತಾ ನೋಡಬೇಕು ಅಂದರೆ ಎರಡನೆಯದೇ ಬೇಕು.

ಈ ಬಲ್ಬುಗಳಿಗೆ ಬಿಸಿ ಬಿಡುವ ಜಾಗ ಇಲ್ಲ. ಹಾಗಾಗಿ ಅರ್ಧದಿಂದ ಒಂದು ವಾಟಿನವರೆಗೆ ಇದ್ದರೆ ಬಾಳುತ್ತದೆ, ಅದಕ್ಕಿಂತ ಜಾಸ್ತಿ ಹೇಳಿದರೆ ನಂಬಬೇಡಿ. ಇನ್ನೊಂದು, ಹಳೇ ಬಲ್ಬಿಗೆ ಸೆಲ್ಲು ಉಲ್ಟಾ ಹಾಕಿದರೂ ಹತ್ತುತ್ತಿತ್ತು. ಎಲ್‌ಇಡಿಗೆ ಪ್ಲಸ್ ಮೈನಸ್ ಸರಿ ಇರಲೇಬೇಕು.

ಎರಡನೆಯದು, ಪಿ60 ಅಳತೆಯ ಮಾಡ್ಯೂಲ್ ಹಿಡಿಯುವ ಗಟ್ಟಿ ಅಲ್ಯುಮಿನಿಯಂ ಬ್ಯಾಟರಿ. ನನ್ನ ಕೈಯಲ್ಲಿ ದಿನಾ ಇರುವುದು ಇದೇ, ಬದಲಿ ಮಾಡ್ಯೂಲ್ ಅಂದರೆ ನಿಜವಾಗಿ ಸುಲಭ ಆಗುವುದೂ ಇದರಲ್ಲೇ. ಪಿ60 ಅನ್ನುವುದು ಅಮೆರಿಕದ ಶ್ಯೂರ್‌ಫೈರ್ ಕಂಪನಿಯ 6ಪಿ ಟಾರ್ಚಿನ ಬಲ್ಬಿನ ಹೆಸರು. ಅದು ಎಲ್‌ಇಡಿ ಅಲ್ಲ, ತಂತಿಯ ಬಲ್ಬು, 65 ಲುಮೆನ್ ಬೆಳಕು. ಆ ಅಳತೆ ಉಳಿದುಕೊಂಡಿತು, 501ಬಿ, 502ಬಿ ಅಂತ ಬರುವ ಚೀನಾದ ಮೈಗಳೂ ಅದೇ ಅಳತೆಯವು. ಬಟ್ಟಲಿನ ಬಾಯಿ ಸುಮಾರು 26.5 ಮಿಲಿಮೀಟರ್. ಬಟ್ಟಲು, ಎಲ್‌ಇಡಿ, ಡ್ರೈವರ್, ಸ್ಪ್ರಿಂಗ್ ಎಲ್ಲ ಒಂದೇ ತುಂಡಾಗಿ ಬರುತ್ತದೆ. ತಲೆ ತಿರುಗಿಸಿ ಹಳೆಯದು ತೆಗೆ, ಹೊಸದು ಹಾಕು, ಮುಗಿಯಿತು. ಬೆಸುಗೆ ಬೇಡ, ರಿಪೇರಿಯವರ ಹತ್ತಿರ ಹೋಗುವುದೂ ಬೇಡ.

ಇದರಲ್ಲಿ ಆರಿಸುವಾಗ ಡ್ರೈವರ್ ಎಷ್ಟು ಆಂಪಿಯರ್ ಕೊಡುತ್ತದೆ ಅಂತ ಕೇಳಿ. 1 ಆಂಪಿಯರಿನದೂ ಸಿಗುತ್ತದೆ, 2.8ರದೂ ಸಿಗುತ್ತದೆ. ಜಾಸ್ತಿ ಇದ್ದರೆ ಒಳ್ಳೆಯದು ಅಂತ ಎಲ್ಲರೂ 2.8 ತರುತ್ತಾರೆ, ನಾನೂ ಮೊದಲು ಅದನ್ನೇ ತಂದಿದ್ದೆ. ಲೆಕ್ಕ ನೋಡಿ. 3000 ಎಂಎಎಚ್ ಸೆಲ್ಲು 1 ಆಂಪಿಯರಿನಲ್ಲಿ ಹೆಚ್ಚುಕಡಿಮೆ ಮೂರು ತಾಸು ಬರುತ್ತದೆ, 2.8ರಲ್ಲಿ ಒಂದೇ ತಾಸು. ಕರೆಂಟು ಸುಮಾರು ಮೂರು ಪಟ್ಟು ಆಗುತ್ತದೆ, ಬೆಳಕು ಮಾತ್ರ ಮೂರು ಪಟ್ಟು ಆಗುವುದಿಲ್ಲ, ಯಾಕೆಂದರೆ ಬಿಸಿ ಏರಿದಷ್ಟೂ ಎಲ್‌ಇಡಿ ಕೊಡುವ ಬೆಳಕು ಕಮ್ಮಿ. 2.8 ಆಂಪಿಯರ್ ಅಂದರೆ 9 ವಾಟ್ ಹತ್ತಿರ, ಅದರಲ್ಲಿ ಬಹುಪಾಲು ಬಿಸಿಯೇ. ಒಂದು ಮುಷ್ಟಿಯಲ್ಲಿ ಹಿಡಿಸುವ ಮೈ ಅದನ್ನೆಲ್ಲ ಹೊರಗೆ ಹಾಕಬೇಕು. ಯಕ್ಷಗಾನ ಮುಗಿಸಿ ಬೆಳಗಿನ ಜಾವ ಮೂರು ಮೈಲಿ ನಡೆದು ಬರುವವರಿಗೆ ಒಂದು ತಾಸಿನ ಬೆಳಕು ಏನಕ್ಕೂ ಸಾಲದು. 1ರಿಂದ 1.4 ಆಂಪಿಯರ್ ಇದ್ದರೆ ತೋಟಕ್ಕೂ ದಾರಿಗೂ ಧಾರಾಳ ಆಯಿತು.

ದೂರದ ಲೆಕ್ಕವೂ ಹೀಗೇ. ಬೆಳಕು ಎರಡು ಪಟ್ಟು ಮಾಡಿದರೆ ಅದು ಹೋಗುವ ದೂರ ಎರಡು ಪಟ್ಟು ಆಗುವುದಿಲ್ಲ, ಒಂದೂಕಾಲಿಂದ ಒಂದೂವರೆಯ ನಡುವೆ ಎಲ್ಲೋ ನಿಲ್ಲುತ್ತದೆ. ದೂರ ಎರಡು ಪಟ್ಟಾಗಲು ಬೆಳಕು ನಾಲ್ಕು ಪಟ್ಟಾಗಬೇಕು. ಪೊಟ್ಟಣದ ಮೇಲೆ 200 ಮೀಟರ್ ಅಂತ ಬರೆದಿದ್ದರೆ, ಅಷ್ಟು ದೂರದಲ್ಲಿ ಹುಣ್ಣಿಮೆ ಬೆಳದಿಂಗಳಷ್ಟು ಬೆಳಕು ಬೀಳುತ್ತದೆ ಅಂತ ಅರ್ಥ. ಬೆಳದಿಂಗಳಲ್ಲಿ ದನ ಯಾವುದು ಪೊದೆ ಯಾವುದು ಅಂತ ಗುರುತಿಸುವುದು ಕಷ್ಟ ಅಲ್ವಾ? ಬರೆದಿದ್ದರ ಅರ್ಧ ಅಂತ ಇಟ್ಟುಕೊಳ್ಳಿ.

ದೂರಕ್ಕೇ ಬೇಕು ಅನ್ನುವವರು ಎಲ್‌ಇಡಿಯ ಗಾತ್ರ ನೋಡಬೇಕು. ಅಂಕೋಲಾದಲ್ಲಿರುವ ನಮ್ಮ ಭಾವ ರಾತ್ರಿ ಗಂಗಾವಳಿ ಹೊಳೆಯಲ್ಲಿ ಏಡಿಗೆ ಹೋಗುತ್ತಾನೆ. ಅವನಿಗೆ ಆಚೆ ದಡ ಕಾಣಬೇಕು, ಎದುರಿಂದ ಬರುವ ದೋಣಿ ಕಾಣಬೇಕು. ನನ್ನ ಬ್ಯಾಟರಿ ಹಿಡಿದು ನೋಡಿ, "ಕಾಲಡಿ ಬೆಳಗುತ್ತದೆ ಮಾರಾಯ, ಆಚೆ ದಡ ಎಲ್ಲಿ?" ಅಂದ. ಅವನಿಗೆ ಎಕ್ಸ್‌ಪಿ-ಜಿ ಥರದ ಸಣ್ಣ ಎಲ್‌ಇಡಿ, ನುಣುಪಾದ ಬಟ್ಟಲಿನದು ಸರಿ. ಸಣ್ಣ ಚುಕ್ಕೆಯಿಂದ ಬಂದ ಬೆಳಕನ್ನು ಬಟ್ಟಲು ಬಿಗಿಯಾಗಿ ಒಟ್ಟು ಮಾಡಿ ಈಟಿಯ ಹಾಗೆ ಎಸೆಯುತ್ತದೆ. ನನಗೆ ಎಕ್ಸ್‌ಎಂ-ಎಲ್ ಥರದ ದೊಡ್ಡ ಎಲ್‌ಇಡಿ, ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾದ ಬಟ್ಟಲು. ಬೆಳಕು ಅಗಲಕ್ಕೆ, ಮೆತ್ತಗೆ ಹರಡುತ್ತದೆ, ಕಾಲುಸಂಕದ (ಹಳ್ಳ ದಾಟುವ ಕಿರುಸೇತುವೆಯ) ಎರಡೂ ಅಂಚು ಒಟ್ಟಿಗೆ ಕಾಣುತ್ತವೆ. ಒಂದೇ ಮೈಗೆ ಎರಡೂ ಮಾಡ್ಯೂಲ್ ಇಟ್ಟುಕೊಳ್ಳಬಹುದು, ಪಿ60ರ ಅನುಕೂಲವೇ ಅದು. ಕರಾವಳಿಯವರು ಇನ್ನೊಂದು ನೆನಪಿಡಿ: ಉಪ್ಪು ಗಾಳಿಗೆ ಸ್ಪ್ರಿಂಗಿನ ತುದಿ ಬೇಗ ಹಸಿರುಗಟ್ಟುತ್ತದೆ, ಮಾಡ್ಯೂಲ್ ಹೋಯಿತು ಅನ್ನುವ ಮೊದಲು ಆ ತುದಿ ಮತ್ತು ಸೆಲ್ಲಿನ ತುದಿ ಒರೆಸಿ ಒಮ್ಮೆ ಹಚ್ಚಿ ನೋಡಿ. ಭಾವನ ಬ್ಯಾಟರಿ ಎರಡು ಸಲ ಹಾಗೇ ಸರಿಯಾಯಿತು.

ಈಗ ಬಣ್ಣ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು, ಅಂಗಡಿಯಲ್ಲಿ ಯಾರೂ ಹೇಳದೇ ಇರುವುದೂ ಇದೇ.

ಬಿಳಿ ಎಲ್‌ಇಡಿ ಅಂದರೆ ಮೂಲದಲ್ಲಿ ನೀಲಿ ಎಲ್‌ಇಡಿ, ಅದರ ಮೇಲೆ ಹಳದಿ ಪುಡಿಯ ಲೇಪ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರಾ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಲೇಪ ತೆಳುವಾದರೆ ನೀಲಿ ಜಾಸ್ತಿ ಉಳಿಯುತ್ತದೆ, ಬೆಳಕು ಟ್ಯೂಬ್‌ಲೈಟಿನ ಹಾಗೆ ಬೆಳ್ಳಗೆ, ಲುಮೆನ್ ಲೆಕ್ಕವೂ ಜಾಸ್ತಿ ಬರುತ್ತದೆ. ಇದು 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಅಂತ ಬರೆದದ್ದು. 4000ದಿಂದ 5000 ಅಂದರೆ ಬೆಳಗಿನ ಬಿಸಿಲಿನ ಬಣ್ಣ. 3000 ಅಂದರೆ ಹಳೇ ಬಲ್ಬಿನ ಹಳದಿ. ಇದರ ಜೊತೆಗೆ ಸಿಆರ್‌ಐ ಅಂತ ಇನ್ನೊಂದು ಸಂಖ್ಯೆ ಇರುತ್ತದೆ, ವಸ್ತುವಿನ ನಿಜ ಬಣ್ಣ ಎಷ್ಟರಮಟ್ಟಿಗೆ ಕಾಣುತ್ತದೆ ಅನ್ನುವ ಅಳತೆ. ಸಾಮಾನ್ಯ ಬಿಳಿಯದು 70ರ ಹತ್ತಿರ, ಒಳ್ಳೆಯದು 90ರ ಮೇಲೆ.

ಆಷಾಢದ ಒಂದು ರಾತ್ರಿ ತೋಟದ ಬಸಿಗಾಲುವೆ ಕಟ್ಟಿಕೊಂಡಿತ್ತು, ನೋಡಲು ಹೋಗಿದ್ದೆ. ಎರಡು ಬ್ಯಾಟರಿ ಇತ್ತು, ಒಂದರಲ್ಲಿ 6500, ಇನ್ನೊಂದರಲ್ಲಿ ಹೊಸದಾಗಿ ಹಾಕಿದ್ದ 4000ದ್ದು, ಸಿಆರ್‌ಐ 90ರ ಮೇಲಿನದು. ಬಿದ್ದ ಅಡಿಕೆ ಸೋಗೆ, ಹಾಳೆ, ಒದ್ದೆ ದರಕು (ಉದುರಿದ ಎಲೆ) ಎಲ್ಲ ಒಂದೆಡೆ ರಾಶಿಯಾಗಿತ್ತು. ಮೊದಲನೆಯದರ ಬೆಳಕು ಬಿಟ್ಟೆ. ಎಲ್ಲ ಬೂದಿ ಬಳಿದ ಹಾಗೆ, ನೀರಿನ ಹೊಳಪು ಮಾತ್ರ ಕಣ್ಣಿಗೆ ಹೊಡೆಯುತ್ತಿತ್ತು. ಎರಡನೆಯದು ಬಿಟ್ಟೆ. ಒಣಗಿದ ಸೋಗೆಯ ಕಂದು ಬೇರೆ, ಕೊಳೆತ ಹಾಳೆಯ ಕಂದು ಬೇರೆ, ಅವೆರಡರ ನಡುವೆ, ಕಾಲಿನಿಂದ ಎರಡು ಗೇಣು ದೂರದಲ್ಲಿ, ಮಣ್ಣಿನ ಬಣ್ಣದ ಕಪ್ಪೆ ಕೂತಿತ್ತು. ಬೆನ್ನಿನ ಮೇಲಿನ ಗೆರೆ ಕೂಡ ಕಂಡಿತು. ಮತ್ತೆ 6500ರ ಬೆಳಕು ಬಿಟ್ಟರೆ ಕಪ್ಪೆ ಅಲ್ಲೇ ಇದೆ ಅಂತ ಗೊತ್ತಿದ್ದೂ ಹುಡುಕಬೇಕಾಯಿತು. ಅದು ಕಪ್ಪೆ. ಅದೇ ಜಾಗದಲ್ಲಿ ಕೊಳಕುಮಂಡಲ ಸುತ್ತಿಕೊಂಡು ಮಲಗಿದ್ದರೆ? ಅದರ ಮೈಬಣ್ಣವೂ ದರಕಿನದೇ. ಆ ರಾತ್ರಿಯಿಂದ ಮನೆಯ ಎಲ್ಲ ಬ್ಯಾಟರಿಗೂ ಇದೇ ಬಣ್ಣ ಹಾಕಿದ್ದೇನೆ. ಒಂದೇ ಕರೆಂಟಿಗೆ ಲುಮೆನ್ ಒಂದಷ್ಟು ಕಡಿಮೆ ಬರುತ್ತದೆ, ನಿಜ. ಕಾಣುವುದು ಮಾತ್ರ ಜಾಸ್ತಿ. ನಿಚಿಯಾ 219, 519ಎ, ಸ್ಯಾಮ್‌ಸಂಗ್ ಎಲ್‌ಎಚ್351ಡಿ, ಲ್ಯೂಮಿನಸ್ ಎಸ್‌ಎಸ್‌ಟಿ-20 ಇವುಗಳಲ್ಲಿ 90ರ ಮೇಲಿನ ಸಿಆರ್‌ಐ ಸಿಗುತ್ತದೆ. ಒಂದೇ ಹೆಸರಿನಲ್ಲಿ ಹಲವು ಬಣ್ಣ ಬರುತ್ತವೆ, ಹಾಗಾಗಿ ಹೆಸರಿನ ಜೊತೆ ಕೆಲ್ವಿನ್ ಮತ್ತು ಸಿಆರ್‌ಐ ಎರಡೂ ಕೇಳಿ.

ಮಂಜು ಮುಸುಕಿದ ದಿನ ಯಾವ ಬಣ್ಣ ಅಂತ ಕೆಲವರು ಕೇಳುತ್ತಾರೆ. ಮಂಜಿಗೆ ಬಣ್ಣಕ್ಕಿಂತ ಬ್ಯಾಟರಿ ಹಿಡಿಯುವ ಎತ್ತರ ಮುಖ್ಯ. ತಲೆಗೆ ಕಟ್ಟಿಕೊಂಡರೆ ಬೆಳಕು ಕಣ್ಣಿನ ಎದುರಿನ ಹನಿಗಳಿಗೇ ತಾಗಿ ವಾಪಸ್ ಬರುತ್ತದೆ, ಬಿಳಿ ಪರದೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಸೊಂಟದ ಕೆಳಗೆ ಹಿಡಿದು ನೆಲಕ್ಕೆ ಬಿಡಿ.

ಮೋಡ್, ಅಂದರೆ ಗುಂಡಿ ಒತ್ತಿದ ಹಾಗೆ ಬದಲಾಗುವ ಬೆಳಕಿನ ಬಗೆ, ಅದರ ವಿಷಯ ಬೇಗ ಹೇಳಿಬಿಡುತ್ತೇನೆ. ಐದು ಮೋಡಿನದು ತರಬೇಡಿ. ಅದರಲ್ಲಿ ಪಟಪಟ ಹೊಡೆದುಕೊಳ್ಳುವುದು ಒಂದು, ಎಸ್‌ಒಎಸ್ ಅನ್ನುವ ಅಪಾಯದ ಸಂಕೇತ ಒಂದು. ಮಳೆಯಲ್ಲಿ ಸಂಕದ ನಡುವೆ ನಿಂತಾಗ ಕೈ ತಪ್ಪಿ ಗುಂಡಿ ಒತ್ತಿ ಬೆಳಕು ಪಟಪಟ ಅನ್ನತೊಡಗಿದರೆ ಕಾಲಿಡುವುದು ಎಲ್ಲಿ ಅಂತಲೇ ತಿಳಿಯುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಒಂದೇ ಮೋಡಿನದು ತನ್ನಿ, ಒತ್ತಿದರೆ ಹತ್ತಬೇಕು, ಒತ್ತಿದರೆ ಆರಬೇಕು. ಉಳಿದವರಿಗೆ ಮೂರು ಸಾಕು.

ಮೂರನೆಯದು, ಎಲ್‌ಇಡಿ ಮತ್ತು ಡ್ರೈವರ್ ಬೇರೆ ಬೇರೆ ತಂದು ಬೆಸುಗೆ ಹಾಕುವುದು. ಪಿ60 ಅಳತೆ ಅಲ್ಲದ ಬ್ಯಾಟರಿಗೆ ಇದೇ ದಾರಿ. ಎಲ್‌ಇಡಿ ಕೂತ ದುಂಡು ಹಲಗೆ 16 ಇಲ್ಲವೇ 20 ಮಿಲಿಮೀಟರ್, ಡ್ರೈವರ್ ಸಾಮಾನ್ಯವಾಗಿ 17. ಹಳೆಯದನ್ನು ಬಿಚ್ಚಿ ಅಳೆದೇ ತರಿಸಿ. ಹಲಗೆ ತಾಮ್ರದ್ದಾದರೆ ಅಲ್ಯುಮಿನಿಯಂಗಿಂತ ಬಿಸಿ ಬೇಗ ಇಳಿಯುತ್ತದೆ, ಅಡಿಗೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಹಚ್ಚಬೇಕು. ಎಲ್‌ಇಡಿ ಸುತ್ತ ಒಂದು ಬಿಳಿ ಪ್ಲಾಸ್ಟಿಕ್ ಉಂಗುರ ಇರುತ್ತದೆ, ಅದನ್ನು ಬಿಸಾಡಬೇಡಿ. ಬಟ್ಟಲು ಲೋಹದ್ದು. ಉಂಗುರ ಇಲ್ಲದಿದ್ದರೆ ಅದು ಬೆಸುಗೆಯ ಗುಬುಟಿಗೆ ತಾಗಿ ಶಾರ್ಟ್ ಆಗುತ್ತದೆ. ಬೆಸುಗೆ ಕೈ ಹಿಡಿದವರಿಗೆ ಅರ್ಧ ತಾಸಿನ ಕೆಲಸ, ಮೊಬೈಲ್ ರಿಪೇರಿ ಮಾಡುವ ಹುಡುಗರೂ ಮಾಡಿಕೊಡುತ್ತಾರೆ.

ಗೋಡೆಗೆ ಚುಚ್ಚಿ ಚಾರ್ಜ್ ಮಾಡುವ ಪ್ಲಾಸ್ಟಿಕ್ ಬ್ಯಾಟರಿಗೆ, ಒಳಗೆ 4 ವೋಲ್ಟಿನ ಸೀಸದ ಸೆಲ್ಲು ಇರುವಂಥದ್ದಕ್ಕೆ, ಮಾಡ್ಯೂಲ್ ತರುವ ಮೊದಲು ಎರಡು ಸಲ ಯೋಚಿಸಿ. ಬಹಳ ಸಲ ಹೋಗಿರುವುದು ಎಲ್‌ಇಡಿ ಅಲ್ಲ, ಆ ಸೀಸದ ಸೆಲ್ಲು. ಮಳೆಗಾಲ ಮುಗಿದ ಮೇಲೆ ಚಾರ್ಜ್ ಮಾಡದೆ ಎಂಟು ತಿಂಗಳು ಇಟ್ಟರೆ ಅದು ಸತ್ತೇ ಹೋಗುತ್ತದೆ. ಬಿಚ್ಚುವುದಾದರೆ ಪ್ಲಗ್ಗಿನಿಂದ ಕಿತ್ತ ಮೇಲೆಯೇ ಬಿಚ್ಚಿ. ಅಗ್ಗದವುಗಳ ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಮನೆಯ 230 ವೋಲ್ಟ್ ನೇರವಾಗಿ ಆ ಹಲಗೆಯ ಮೇಲೇ ಇರುತ್ತದೆ, ಮಕ್ಕಳ ಕೈಗೆ ಕೊಡಲೇಬೇಡಿ.

ಪಿ60 ತಂದವರಿಗೆ ಹಾಕುವ ವಿಧಾನ ಹೇಳಿ ನಿಲ್ಲಿಸುತ್ತೇನೆ. ಹೊಸ ಮಾಡ್ಯೂಲ್ ಮೈಯೊಳಗೆ ಬಿಟ್ಟು ಅಲ್ಲಾಡಿಸಿದರೆ ಕಟಕಟ ಅನ್ನುತ್ತದೆ, ಸುತ್ತ ಸಂದು ಇರುತ್ತದೆ. ಬಿಸಿ ಆ ಸಂದು ದಾಟಿ ಮೈಗೆ ಬರುವುದಿಲ್ಲ. ಎಲ್‌ಇಡಿ ಒಳಗೇ ಬೇಯುತ್ತದೆ, ಸಾಸಿವೆ ಕಾಳಿನ ಕಪ್ಪು ಚುಕ್ಕೆ ಬಹಳ ಸಲ ಬರುವುದು ಹೀಗೆ. ಅಡುಗೆಮನೆಯಲ್ಲಿ ಚಪಾತಿ ಸುತ್ತುವ ಅಲ್ಯುಮಿನಿಯಂ ಫಾಯಿಲ್ ಇರುತ್ತದಲ್ಲ, ಅದನ್ನು ಪಟ್ಟಿಯಾಗಿ ಮಡಚಿ ಮಾಡ್ಯೂಲಿನ ಹಿತ್ತಾಳೆ ಭಾಗದ ಸುತ್ತ ಬಿಗಿಯಾಗಿ ಸುತ್ತಿ. ಹೆಬ್ಬೆರಳಿನಿಂದ ಒತ್ತಿದರೆ ಮಾತ್ರ ಒಳಗೆ ಹೋಗುವಷ್ಟು ಬಿಗಿ ಇರಬೇಕು. ಹೊರಗಿನ ದೊಡ್ಡ ಸ್ಪ್ರಿಂಗ್ ಮೈಗೆ ತಾಗಬೇಕು, ನಡುವಿನ ಸಣ್ಣದು ಸೆಲ್ಲಿಗೆ, ಫಾಯಿಲಿನ ಚೂರು ಅವೆರಡರ ನಡುವೆ ಬೀಳಬಾರದು. ಆಮೇಲೆ ಹತ್ತು ನಿಮಿಷ ಪೂರ್ತಿ ಬೆಳಕಿನಲ್ಲಿ ಹಚ್ಚಿ ತಲೆಯನ್ನು ಕೈಯಲ್ಲಿ ಹಿಡಿದುಕೊಂಡಿರಿ. ಮೈ ನಿಧಾನಕ್ಕೆ ಬೆಚ್ಚಗಾದರೆ ಒಳ್ಳೆಯದು, ಬಿಸಿ ಹೊರಗೆ ಬರುತ್ತಿದೆ. ಮೈ ತಣ್ಣಗೇ ಇದ್ದು ಬೆಳಕು ಇಳಿಯುತ್ತಾ ಬಂದರೆ ಆರಿಸಿ, ಬಿಚ್ಚಿ, ಇನ್ನೊಂದು ಸುತ್ತು ಫಾಯಿಲ್ ಹಾಕಿ.